ಅಲ್ಲಿ ಅಂದ್ರ ಎಲ್ಲಿ?

ಚರ್ಮದ ಡಾಕ್ಟರ ದವಾಖಾನೆಯಲ್ಲಿ ಹದಿನೆಂಟು ವರ್ಷ ಕೂತವಳು ನಗು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ; ಅದು ತಾನಾಗಿಯೇ ಹೆಸರು ಬರೆಸಿ, ಪಾಳಿ ಹಚ್ಚಿ ಒಳಗೆ ಬರುತ್ತಿತ್ತು. ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಮರಾಠಿ ಡಾಕ್ಟರಬಾಯಿಯ ದವಾಖಾನೆ. ಹೆಸರು ಬರೆದುಕೊಳ್ಳುವವಳು ನಾನು, ಕನ್ನಡದ ಹೆಣ್ಣುಮಕ್ಕಳು ಬಂದರೆ ದುಭಾಷಿಯೂ ನಾನೇ. ಹೋದ ವರ್ಷ ಡಾಕ್ಟರಬಾಯಿ ನಿವೃತ್ತರಾದರು. ಈಗ ಅಲ್ಲಿ ಕೇಕಿನ ಅಂಗಡಿ. ಬಸ್ಸಿನಿಂದ ಅದು ಕಂಡಾಗೆಲ್ಲ ನನಗೆ ನಮ್ಮ ಹಳೇ ಬೆಂಚೇ ಕಾಣುತ್ತದೆ.

೧. ವಿಳಾಸ

ಮೊದಲ ವಾರವೇ ವಿಜಯಪುರದ ಕಡೆಯ ಬಟ್ಟೆ ವ್ಯಾಪಾರಿಯ ಹೆಂಡತಿ ಬಂದರು.

"ತುರಿಕೆ ಎಲ್ಲಿ?" ಡಾಕ್ಟರಬಾಯಿ ಮರಾಠಿಯಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

"ಅಲ್ಲೇರಿ."

"ತಿಥೇ," ಅಂದೆ ಡಾಕ್ಟರಬಾಯಿಗೆ.

"ತಿಥೇ ಮ್ಹಣಜೆ ಕುಠೇ?"

"ಅಲ್ಲಿ ಅಂದ್ರ ಎಲ್ಲಿ ಅಂತ ಕೇಳ್ತಾರ್ರೀ."

ಆಕೆ ಸೆರಗು ಬಾಯಿಗೆ ಹಿಡಿದು ಡಾಕ್ಟರಬಾಯಿಯನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ಓದ್ಯಾರ, ಎಲ್ಲಿ ಅಂತ ಗೊತ್ತಿಲ್ಲೇನು? ಅವರೂ ಹೆಣ್ಮಕ್ಕಳ ಅಲ್ಲೇನ್ರಿ?"

೨. ಹಾಲ್‌ನ್ಯಾಗ ಆರು ತಿಂಗಳು

ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು ಹೆಂಡತಿಯನ್ನು ಕರೆತಂದಿದ್ದ. ಆಕೆಗೆ ಅದೇ ಜಾಗದಲ್ಲಿ ಬಿಳಿ ಮಚ್ಚೆ, ತಡೆಯಲಾರದ ತುರಿಕೆ. ಇದು ಯಾರಿಂದ ಬಂತು ಎಂಬ ಅನುಮಾನ ಗಂಡನ ಮುಖದ ಮೇಲೇ ಇತ್ತು. ಆಕೆ ತಲೆ ಎತ್ತಿರಲಿಲ್ಲ.

ಡಾಕ್ಟರಬಾಯಿ ಆಕೆಯನ್ನು ಪರೀಕ್ಷಿಸಿ ಹೊರಗೆ ಬಂದು, ನನಗೆ ಮರಾಠಿಯಲ್ಲಿ ವಿಷಯ ತಿಳಿಸಿ, ಅವನಿಗೇ ಹೇಳು ಎಂದು ಸನ್ನೆ ಮಾಡಿದರು. "ಇದು ಯಾರಿಂದನೂ ಬಂದಿದ್ದಲ್ಲ, ಯಾರಿಗೂ ಅಂಟೂದಿಲ್ಲ. ಹೊಲಸಿನಿಂದ ಬರೂದೂ ಅಲ್ಲ," ಅಂದೆ.

ಹೆಂಡತಿ ಅತ್ತೇಬಿಟ್ಟಳು. ಗಂಡ ನೆಲ ನೋಡುತ್ತ ಕೇಳಿದ: "ಆರು ತಿಂಗಳಿಂದ ಹಾಲ್‌ನ್ಯಾಗ ಮಲಗೀನ್ರಿ. ಇನ್ನ ಒಳಗ ಮಲಗಬಹುದೇನ್ರಿ?"

"ಮಲಗ್ರಿ."

ಅವನು ಮುಲಾಮು ತರಲು ಓಡಿದ. ಆಕೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಅಕ್ಕಾರ, ಇನ್ನೊಂದು ತಿಂಗಳ ಅಂಟತದ ಅಂತ ಹೇಳ್ರಿ. ಭಾಳ ಗೊರಕಿ ಹೊಡೀತಾರ."

೩. ನನ್ನ ಗೆಳತಿ

ಎಲ್ಲರಿಗೂ "ನಾಚಬ್ಯಾಡ್ರಿ" ಅನ್ನುತ್ತಿದ್ದ ನಾನು, ಐವತ್ತು ದಾಟಿದ ಮೇಲೆ ಅದೇ ತುರಿಕೆಯನ್ನು ಎರಡು ವರ್ಷ ಮುಚ್ಚಿಟ್ಟೆ. ಸೋಪು ಹಚ್ಚಿ ತಿಕ್ಕಿದೆ, ಉರಿ ಹೆಚ್ಚಾಯಿತು. ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ. ಒಂದು ಮಧ್ಯಾಹ್ನ ಪೇಶಂಟರೆಲ್ಲ ಹೋದ ಮೇಲೆ ಧೈರ್ಯ ಮಾಡಿದೆ. "ಮ್ಯಾಡಮ್, ನನ್ನ ಗೆಳತಿಯೊಬ್ಬಳಿಗೆ..."

ಬಾಯಿ ಎಲ್ಲ ಕೇಳಿದರು. ವಯಸ್ಸು? ನನ್ನಷ್ಟೇ. ಯಾರಿಗಾದರೂ ತೋರಿಸಿದ್ದಾಳಾ? ಇಲ್ಲ, ನಾಚಿಕೆ. ಬಾಯಿ ಪೆನ್ನು ಮುಚ್ಚಿದರು. "ನಿನ್ನ ಗೆಳತಿಗೆ ಹೇಳು, ಪರದೆ ಹಿಂದೆ ಹೋಗಿ ಮಲಗಲಿ. ನಾನು ಕೈ ತೊಳೆದು ಬರ್ತೀನಿ."

ಅಳುತ್ತಲೇ ನಕ್ಕೆ. "ಪೂರ್ತಿ ಹೋಗುವುದಿಲ್ಲ, ಹಿಡಿತದಲ್ಲಿ ಇಡಬಹುದು," ಅಂದರು ಬಾಯಿ, ಪರೀಕ್ಷಿಸಿದ ಮೇಲೆ. ಹೇಳಿದಷ್ಟೇ ಮುಲಾಮು, ಹತ್ತಿಯ ಸಡಿಲ ಬಟ್ಟೆ, ಸೋಪು ಬಂದ್, ತಪ್ಪದೆ ತಪಾಸಣೆ. ಮೂರು ತಿಂಗಳಿಗೆ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಆ ಸುಖ ಕೂತವರಿಗೆ ತಿಳಿಯುವುದಿಲ್ಲ, ನಿಂತವರಿಗೇ ಗೊತ್ತು.

ಈಗಲೂ ಬಾಯಿ ಫೋನ್ ಮಾಡಿದರೆ ಮೊದಲ ಮಾತು ಅದೇ: "ತುಝೀ ಮೈತ್ರೀಣ್ ಕಶೀ ಆಹೇ?" ನಿನ್ನ ಗೆಳತಿ ಹೇಗಿದ್ದಾಳೆ? "ಆರಾಮ ಇದ್ದಾಳೆ," ಅನ್ನುತ್ತೇನೆ.

ಮೊನ್ನೆ ಸ್ಪೀಕರ್‌ನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮ ಅತ್ತೆ ನನ್ನನ್ನೇ ಬೈದರು: "ಡಾಕ್ಟರ್ ಇಷ್ಟು ಕಾಳಜಿ ಮಾಡ್ತಾರ, ನೀ ಎಂಥಾಕೀ ಅದೀ? ಪಾಪ, ಆ ಗೆಳತೀನ್ನ ಒಂದು ದಿನಾರೆ ಮನೀಗೆ ಊಟಕ್ಕ ಕರದೀಯೇನು?"