ಕರಿಬೇವಿಗೆ ಆಸಿಡ್

ಮೂವತ್ತು ವರ್ಷ ಪಾಠ ಹೇಳಿದವನಿಗೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಿವೃತ್ತನಾದ ಮೇಲೆ ತರಗತಿಯಲ್ಲಿ ಉಳಿದಿರುವ ಏಕೈಕ ವಿದ್ಯಾರ್ಥಿನಿ ಹೆಂಡತಿ ಶಾಂತಾ. ಹಾಜರಿ ಪೂರ್ತಿ ಇದೆ, ಗಮನ ಮಾತ್ರ ಇಲ್ಲ.

ಉಪ್ಪಲ್‌ನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡವಿದೆ. ಕಲಬುರಗಿಯ ಅತ್ತೆ ತಮ್ಮ ಹಿತ್ತಲಿನಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗಳಿಗೆ ಕೊಟ್ಟ ಸಸಿ ಅದು. ಈ ಬೇಸಿಗೆಯಲ್ಲಿ ಅದರ ಎಲೆ ಹಳದಿಯಾಗುತ್ತ ಬಂದಂತೆ ಶಾಂತಾಳ ಮುಖವೂ ಬಾಡಿತು. ಅತ್ತೆ ಬರಲು ಎರಡೇ ತಿಂಗಳಿತ್ತು.

"ಅವ್ವ ಬಂದಕೂಡ್ಲೆ ಮೊದಲ ಗಿಡ ನೋಡ್ತಾಳ್ರಿ, ಆಮ್ಯಾಲೆ ನನ್ನ" ಎಂದಳು.

ನಾನು ಕೋಠಿ ಪೇಟೆಯ ಗೊಬ್ಬರದ ಅಂಗಡಿಯಿಂದ ಒಂದು ಬಾಟಲಿ ಹ್ಯೂಮಿಕ್ ಆಸಿಡ್ ತಂದೆ. ಎಲೆ, ಕಡ್ಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಕೊಳೆತು ಉಳಿಯುವ ಕಪ್ಪು ಸತ್ವವಿದು. ಮಣ್ಣಿನ ಕಬ್ಬಿಣವನ್ನು ಹಿಡಿದು ಬೇರಿಗೆ ಸಿಗುವಂತೆ ಮಾಡುತ್ತದೆ. ಗಿಡದ ಸ್ವಂತ ಹಾರ್ಮೋನಿನಂತೆ ವರ್ತಿಸಿ ಬೇರು ಕವಲೊಡೆಯಲು ಹುರಿದುಂಬಿಸುತ್ತದೆ. ಅತಿಯಾದರೆ ಅದೇ ಬೇರು ಮೊಂಡಾಗುತ್ತದೆ, ಆದ್ದರಿಂದ ಬಕೆಟ್ ನೀರಿಗೆ ಎರಡೇ ಚಮಚ. ಇಷ್ಟನ್ನೂ ಬಿಡಿಸಿ ಹೇಳಿದೆ. ಅವಳ ಕಿವಿಗೆ ಬಿದ್ದದ್ದು ಒಂದೇ ಪದ.

"ಆಸಿಡ್ ಅಂದ್ರ ಬಚ್ಚಲಾ ತಿಕ್ಕೂದಲ್ಲೇನ್ರಿ? ಗಿಡಕ್ಕ ಯಾರರ ಹಾಕ್ತಾರೇನು?"

"ಹುಣಸಿಹಣ್ಣಿನಾಗೂ ಆಸಿಡ್ ಐತಿ. ದಿನಾ ಸಾರಿಗೆ ಹಾಕಂಗಿಲ್ಲೇನು?"

ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳೆಂದು ತಿಳಿಯುವುದು ನಾನು ಮದುವೆಯಾದಂದಿನಿಂದ ಮಾಡುತ್ತ ಬಂದ ತಪ್ಪು.

ವಾರಕ್ಕೊಮ್ಮೆ ಅಳೆದು ಹಾಕಿದೆ. ಆ ದಿನಗಳಲ್ಲೇ ಬಚ್ಚಲಿನ ಟೈಲ್ಸ್ ಕಪ್ಪಾಗಿದ್ದವು. ಅದು ಬೋರ್ ನೀರಿನ ಕಬ್ಬಿಣದ ದೋಷವೆಂದು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ಮಳೆ ಹಿಡಿಯುವ ಹೊತ್ತಿಗೆ ಗಿಡ ಚಿಗುರಿತು. ಕುಂಡದ ತಳದ ತೂತಿನಿಂದ ಬಿಳಿ ಬೇರು ಇಣುಕಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅತ್ತೆ ಬಂದರು. ಒಂದು ಎಲೆ ಉಜ್ಜಿ ಮೂಸಿ, "ಚಲೋ ಇಟ್ಟೀ ಬಿಡವ್ವಾ" ಎಂದು ಮಗಳ ತಲೆ ಸವರಿದರು. ಶಾಂತಾಳ ಕಣ್ಣು ತುಂಬಿತು. ನಾನು ಅಲ್ಲಿಗೆ ಬಿಡಬೇಕಿತ್ತು. ಬಾಟಲಿ ತಂದು ಪಾಠ ಶುರು ಮಾಡಿದೆ.

"ಅದರಾಗಿರೂದು ಚಾ ಸೋಸಿದ ಚರಟದ ನೀರ್ರಿ" ಎಂದಳು ಶಾಂತಾ ಮೆಲ್ಲಗೆ. "ನಿಮ್ಮ ಆಸಿಡ್ ತಂದ ದಿನಾನ ಬಚ್ಚಲಕ್ಕ ಸುರುವಿ ತಿಕ್ಕಿದೆ. ಒಂದು ಕಲೀನೂ ಹೋಗಲಿಲ್ಲ, ಟೈಲ್ಸ್ ಕರ್ರಗಾದ್ವು. ಅಂಗಡಿಯಾವ ನಿಮಗ ಮೋಸ ಮಾಡ್ಯಾನ."

ಬರೀ ಬಣ್ಣ ನೋಡಿ ದ್ರಾವಣ ಗುರುತಿಸಿದ ಮಕ್ಕಳ ಅಂಕವನ್ನು ಮೂವತ್ತು ವರ್ಷ ಕಳೆದವನು ನಾನು. ಸಂಜೆ ಅತ್ತೆ ಆ ಕರಿಬೇವು ಹಾಕಿ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟರು. ಭಾರಿ ರುಚಿಯಾಗಿತ್ತು. ಏಕೆಂದು ವಿವರಿಸಲು ಹೋಗಲಿಲ್ಲ.