ಬಾಯಿ ಮುಚ್ಚಿಕೊಂಡು ಸಂಗೀತ ನಾಟಕ ನೋಡುವುದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ಪಶ್ಚಾತ್ತಾಪವೂ ಇಲ್ಲ. ನಾನು ಮಾಡಿದ್ದು ಸರಿಯೇ. ಇವತ್ತು ಭಾನುವಾರ ಸಂಜೆ, ಊರಿನ ರಸಿಕರೆಲ್ಲ ರಂಗಮಂದಿರದಲ್ಲಿ ಕೂತಿರುವ ಹೊತ್ತಿನಲ್ಲಿ, ನಾನು ಭಾವನ ಮನೆಯ ಮೀನಿನ ತೊಟ್ಟಿಯ ಮುಂದೆ ಕೂತಿದ್ದೇನೆ ಎಂದ ಮಾತ್ರಕ್ಕೆ ಸೋತುಹೋದೆ ಎಂದು ನೀವು ತಿಳಿಯಬೇಕಾಗಿಲ್ಲ. (ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಕೆಲಸದಿಂದ ನಿವೃತ್ತಿಯಾದ ಮೇಲೆ ಮೀನು ಸಾಕಿದರು. ಅಂದಿನಿಂದ ಬೇರೆ ವಿಷಯ ಮಾತಾಡಿದ್ದು ನಾನು ಕೇಳಿಲ್ಲ.)

ವೃತ್ತಿಯಿಂದ ನಾನು ಕನ್ನಡಕದ ಅಂಗಡಿಯವನು. ಬಂದವರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವುದು, "ಈಗ ಚೆನ್ನಾಗಿ ಕಾಣುತ್ತೋ, ಆಗ ಚೆನ್ನಾಗಿತ್ತೋ" ಎಂದು ಕೇಳುವುದು, ಅವರು "ಎರಡೂ ಒಂದೇ ಥರ ಇದೆ" ಎನ್ನುವುದು, ಹಗಲೆಲ್ಲ ಇದೇ ಆಯಿತು. ಈ ಮರುಭೂಮಿಯಲ್ಲಿ ನನಗಿರುವ ಏಕೈಕ ಜಲಾಶಯ ಸಂಗೀತ ನಾಟಕ. ಪರದೆಯ ಮುಂದಿನ ತಗ್ಗಿನಲ್ಲಿ ವಾದ್ಯದವರು ಕುಂಯ್ ಕುಂಯ್ ಎಂದು ಶ್ರುತಿ ಸೇರಿಸಿಕೊಳ್ಳುವಾಗಲೇ ನನ್ನ ಎದೆಯೊಳಗೆ ಯಾರೋ ಕುರ್ಚಿ ಸರಿಸಿ ಜಾಗ ಮಾಡುತ್ತಿರುವಂತೆ ಆಗುತ್ತದೆ. ದೀಪ ಆರುತ್ತದೆ. ಪರದೆ ಏಳುವಾಗ ಒಂದಿಷ್ಟು ದೂಳು ಮೊದಲ ಸಾಲಿನವರ ಮೇಲೆ ಬೀಳುತ್ತದೆ. ನಾನು ಅದಕ್ಕೇ ಮೂರನೇ ಸಾಲಿನಲ್ಲಿ ಕೂರುವುದು, ಅಂಚಿನ ಸೀಟಿನಲ್ಲಿ.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಸಂಗೀತ ನಾಟಕವೆಂದರೆ ತಪ್ಪು ಉತ್ತರ ಬರೆದ ಹುಡುಗನನ್ನು ಕಂಡಂತೆ. ಸಿಟ್ಟಿಗಿಂತ ಬೇಸರ ಜಾಸ್ತಿ.

"ಎದೆಗೆ ಗುಂಡು ಬಿದ್ದಿದೆ, ಉಸಿರೇ ಇಲ್ಲ. ಆಮೇಲೆ ಮೂರು ಚರಣ ಹಾಡ್ತಾನೆ. ಅಷ್ಟು ಹೊತ್ತಲ್ಲಿ ಆಸ್ಪತ್ರೆಗೆ ಹೋಗಿ ಬರಬಹುದಿತ್ತು ಕಣ್ರೀ."

"ಮಾತಲ್ಲಿ ಹೇಳೋಕಾಗದಷ್ಟು ಒಳಗೆ ತುಂಬಿಕೊಂಡಾಗ ಮನುಷ್ಯ ಹಾಡ್ತಾನೆ ಕಣೇ. ಒಲೆ ಮೇಲೆ ಕುಕ್ಕರ್ ಕೂಗಿದ್ರೆ, ಯಾಕಪ್ಪಾ ಕೂಗ್ತೀಯಾ, ಬಾಯಲ್ಲಿ ಹೇಳು ಅಂತೀಯಾ ನೀನು?"

"ಕುಕ್ಕರ್ ಮೂರು ಸಲ ಕೂಗಿ ಸುಮ್ಮನಾಗುತ್ತೆ. ನಿಮ್ಮ ನಾಯಕಿ ಎರಡೂವರೆ ಗಂಟೆ ಕೂಗ್ತಾಳೆ. ಅಷ್ಟಾದರೂ ಏನೂ ಬೆಂದಿರಲ್ಲ."

ಇದನ್ನೆಲ್ಲ ನಾನು ಸಹಿಸಿಕೊಂಡೇ ಬಂದಿದ್ದೇನೆ. ಆದರೆ ಅವಳ ಎರಡನೆಯ ಆರೋಪ ಗಂಭೀರವಾದದ್ದು. ಕತ್ತಲಲ್ಲಿ ನಾನು ನಟರ ಜೊತೆ ಹಾಡುತ್ತೇನಂತೆ. ಹಾಡದಿದ್ದಾಗಲೂ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತೇನಂತೆ. ಪಕ್ಕದ ಸಾಲಿನವರು ರಂಗ ಬಿಟ್ಟು ನನ್ನನ್ನು ನೋಡುತ್ತಾರಂತೆ. ನಾನು ಖಡಾಖಂಡಿತವಾಗಿ ನಿರಾಕರಿಸಿದೆ. ದುರದೃಷ್ಟಕ್ಕೆ ಒಮ್ಮೆ ನಮ್ಮ ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ, "ಸ್ವಲ್ಪ ಮೆತ್ತಗೆ ಹಾಡ್ತೀರಾ, ನನಗೆ ಅವರ ಹಾಡೂ ಕೇಳಬೇಕು" ಎಂದರು. ಇನ್ನೂ ದೊಡ್ಡ ದುರದೃಷ್ಟಕ್ಕೆ ಅವರು ನನ್ನ ಹೆಂಡತಿಯ ಶಾಲೆಯ ಹೆಡ್ ಮಿಸ್.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಪು ಹೊರಬಿತ್ತು.

"ಇನ್ನೊಂದೇ ಒಂದು ಸಲ. ಅಲ್ಲಿ ನಿಮ್ಮ ಬಾಯಿಂದ ಒಂದೇ ಒಂದು ಸ್ವರ ಹೊರಗೆ ಬಂದ್ರೂ, ನಾಟಕ ಬಂದ್. ಭಾನುವಾರ ಸಂಜೆ ಅಣ್ಣನ ಮನೆಗೆ ಹೋಗಿ ಮೀನು ನೋಡಿಕೊಂಡು ಕೂತಿರಿ. ಅವು ಹಾಡಲ್ಲ. ಅದೇ ಅವುಗಳ ದೊಡ್ಡ ಗುಣ."

"ಎಷ್ಟು ದಿನ?"

"ಬುದ್ಧಿ ಬರೋವರೆಗೂ."

ಅಂದರೆ ಜೀವಾವಧಿ. ಕಾಲೇಜಿಗೆ ಹೋಗುವ ಮಗಳ ಕಡೆ ನೋಡಿದೆ. ಅವಳು ಫೋನಿನಿಂದ ಕಣ್ಣು ತೆಗೆಯದೆ, "ಅಪ್ಪ, ಅಮ್ಮ ಹೇಳ್ತಿರೋದು ಸರಿ, ನೀವು ಹಾಡ್ತೀರ" ಎಂದಳು. ಮನೆಯೊಳಗೇ ಹೀಗೆ ಇಬ್ಬರು ಸಾಕ್ಷಿಗಳು ಒಂದಾದರೆ ಯಾವ ನ್ಯಾಯಾಲಯದಲ್ಲೂ ಗೆಲ್ಲುವುದು ಕಷ್ಟ. ನಾನು ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ಕಾರಣವಿತ್ತು. ನನ್ನ ಪ್ರಾಣವೇ ಆದ 'ದೀಪಸ್ತಂಭ' ನಾಟಕ ಹೊಸ ನಿರ್ದೇಶಕನ ಕೈಯಲ್ಲಿ ಮತ್ತೆ ರಂಗಕ್ಕೆ ಬರುವುದಿತ್ತು. ಕಥೆ ಸರಳ. ಕಡಲತೀರದ ದೀಪಸ್ತಂಭ ಕಾಯುವವನ ಮಗಳು ಒಬ್ಬ ನಾವಿಕನನ್ನು ಪ್ರೀತಿಸುತ್ತಾಳೆ. ಅಪ್ಪನಿಗೆ ಅವನನ್ನು ಕಂಡರಾಗದು. ಕೊನೆಗೆ ಬಿರುಗಾಳಿಯಲ್ಲಿ ನಾವಿಕನ ದೋಣಿ ನಡುನೀರಿನಲ್ಲಿರುವಾಗ ಅಪ್ಪ ಹಟಕ್ಕೆ ಬಿದ್ದು ದೀಪ ಆರಿಸಲು ಮೆಟ್ಟಿಲು ಹತ್ತುತ್ತಾನೆ. ಅವನು ಕೈ ಚಾಚಿದ ಕ್ಷಣಕ್ಕೆ ಸರಿಯಾಗಿ ಮಗಳು ಕೆಳಗಿನಿಂದ ಹಾಡುತ್ತಾಳೆ:

"ದೀಪ ಆರಿಸಬೇಡ ಅಪ್ಪಾ, ದಾರಿಯಲಿನ್ನೂ ಒಬ್ಬನಿದ್ದಾನೆ."

ಅಷ್ಟೇ. ಈ ಒಂದು ಸಾಲಿಗೆ ನಾನು ಪ್ರತಿ ಸಲವೂ ಅತ್ತಿದ್ದೇನೆ. ಗಂಡಸು ಅಳುವುದೇ ಎಂದು ಕೇಳುವವರು ಕೇಳಲಿ. ನನ್ನ ಕಣ್ಣು, ನನ್ನ ನೀರು, ಕನ್ನಡಕವೂ ನನ್ನ ಅಂಗಡಿಯದೇ.

ಆ ಭಾನುವಾರ ನಾನು ಸಕಲ ಸಿದ್ಧತೆಯೊಂದಿಗೆ ಹೊರಟೆ. ಹಲ್ಲಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಟಾಫಿಯೊಂದಿದೆ. ಅದನ್ನು ಬಾಯಿಗೆ ಹಾಕಿಕೊಂಡರೆ ಮಾತಿರಲಿ, ಆಕಳಿಸುವುದೂ ಸಾಧ್ಯವಿಲ್ಲ. ಪರದೆ ಏಳುವ ಮುಂಚೆ ಒಂದನ್ನು ಬಾಯಿಗೆ ಎಸೆದುಕೊಂಡೆ, ಕರಗಿದಂತೆ ಹಾಕಿಕೊಳ್ಳಲು ಜೇಬಿನಲ್ಲಿ ಇನ್ನಷ್ಟಿದ್ದವು. ಹೆಂಡತಿ ಪಕ್ಕದಲ್ಲಿ ಕೂತು ಉತ್ತರಪತ್ರಿಕೆ ಪರೀಕ್ಷಿಸುವ ದೃಷ್ಟಿಯಲ್ಲಿ ನನ್ನ ದವಡೆಯನ್ನೇ ನೋಡುತ್ತಿದ್ದಳು. ಮೊದಲ ಅಂಕ ಮುಗಿಯಿತು, ನಾನು ನಿಶ್ಶಬ್ದ. ವಿರಾಮದಲ್ಲಿ ಅವಳು "ಚಹಾ ಬೇಕಾ" ಎಂದದ್ದಕ್ಕೂ ನಾನು ತಲೆ ಮಾತ್ರ ಆಡಿಸಿದೆ. "ಪರವಾಗಿಲ್ಲ, ಸುಧಾರಿಸಿದ್ದೀರಿ" ಎಂದಳು. ಮದುವೆಯಾದಂದಿನಿಂದ ಅವಳು ಆಡಿದ ಹೊಗಳಿಕೆಯ ಮಾತುಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಕೊನೆಯ ದೃಶ್ಯ ಬಂತು. ಬಿರುಗಾಳಿ, ಮಿಂಚು, ಒಳಗಿನಿಂದ ತಗಡು ಬಡಿಯುವ ಸದ್ದು. ಅಪ್ಪ ಮೆಟ್ಟಿಲು ಹತ್ತಿದ. ಕೈ ಚಾಚಿದ. ವಾದ್ಯಗಳೆಲ್ಲ ನಿಂತವು. ಹುಡುಗಿ ಬಾಯಿ ತೆರೆದಳು.

ಹಾಡಲಿಲ್ಲ.

ನಾನು ಕಾದೆ. ಅವಳು ಬಾಯಿ ತೆರೆದುಕೊಂಡೇ ನಿಂತಿದ್ದಾಳೆ. ಅಪ್ಪನ ಕೈ ದೀಪದ ಹತ್ತಿರ ಹತ್ತಿರ ಹೋಗುತ್ತಿದೆ. ಸಾಲು ಮರೆತಿದ್ದಾಳೆ ಎಂದು ನನಗೆ ಗೊತ್ತಾಗಿಹೋಯಿತು. ಇಡೀ ಸಭಾಂಗಣದಲ್ಲಿ ಆ ಸಾಲು ಗೊತ್ತಿರುವ ಇಷ್ಟೊಂದು ಜನ ಕಲ್ಲಿನಂತೆ ಕೂತಿದ್ದಾರೆ. ಆ ಕಡೆ ನಡುನೀರಿನಲ್ಲಿ ಒಬ್ಬ ಮನುಷ್ಯ ಮುಳುಗುತ್ತಿದ್ದಾನೆ. ನೀವೇ ಹೇಳಿ, ಹೆಂಡತಿಗೆ ಕೊಟ್ಟ ಮಾತು ದೊಡ್ಡದೋ, ಮನುಷ್ಯನ ಜೀವ ದೊಡ್ಡದೋ?

ನಾನು ಟಾಫಿಯನ್ನು ಎರಡು ಬೆರಳಿಂದ ಕಿತ್ತು ಹೆಂಡತಿಯ ಅಂಗೈಗೆ ಇಟ್ಟು, ಎದ್ದು ನಿಂತು, ಕಂಠ ಬಿಚ್ಚಿ ಹಾಡಿದೆ.

"ದೀಪ ಆರಿಸಬೇಡ ಅಪ್ಪಾ..."

ಸಭಾಂಗಣಕ್ಕೆ ಸಭಾಂಗಣವೇ ತಿರುಗಿತು. ಮೇಲಿದ್ದ ಲೈಟಿನವನು ಗಾಬರಿಯಲ್ಲೋ ಅಭಿಮಾನದಲ್ಲೋ ಬೆಳಕನ್ನು ನೇರ ನನ್ನ ಮುಖಕ್ಕೆ ಬಿಟ್ಟ. ನಾನು ಸಾಲನ್ನು ಪೂರ್ತಿ ಮುಗಿಸಿದೆ. ರಂಗದ ಮೇಲಿದ್ದ ಹುಡುಗಿ ನನ್ನನ್ನೇ ಒಂದು ಗಳಿಗೆ ನೋಡಿ, ಜಾಣೆ, ಎರಡನೆಯ ಸಾಲನ್ನು ಎತ್ತಿಕೊಂಡಳು. ಅಪ್ಪನ ಕೈ ಹಿಂದಕ್ಕೆ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಲೆಬಾಗಿ ವಂದಿಸಿದೆ. ಬೆಳಕು ಹೇಗೂ ನನ್ನ ಮೇಲೇ ಇತ್ತಲ್ಲ.

ಪಕ್ಕಕ್ಕೆ ತಿರುಗಿದರೆ ಹೆಂಡತಿಯ ಸೀಟು ಖಾಲಿ. ಬಗ್ಗಿ ನೋಡಿದೆ. ಅವಳು ಸೀಟಿನಿಂದ ಮೆಲ್ಲಮೆಲ್ಲನೆ ಜಾರಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಅಂಗೈಯಲ್ಲಿ ಟಾಫಿ ಹಿಡಿದು ನೆಲದ ಮೇಲೆ ಕೂತಿದ್ದಳು.

ಮುಗಿದ ಮೇಲೆ ನಾನು ರಂಗದ ಹಿಂದಕ್ಕೆ ಹೋದೆ. ಕೃತಜ್ಞತೆ ಸ್ವೀಕರಿಸಲು ಅಂತಲೇ ಹೋದೆ, ಮುಚ್ಚುಮರೆ ಏಕೆ? ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ನಿರ್ದೇಶಕ ಒಂದು ಪೆಟ್ಟಿಗೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ.

"ಅವಳು ಮರೆತಿರಲಿಲ್ಲ ಸಾರ್" ಎಂದ. "ಅದು ಮೌನ. ನಾನು ಹೊಸದಾಗಿ ಇಟ್ಟಿದ್ದು. ಮಾತೂ ಇಲ್ಲದೆ ಹಾಡೂ ಇಲ್ಲದೆ ಅಪ್ಪ ತಾನಾಗೇ ತಿರುಗಿ ಮಗಳ ಮುಖ ನೋಡಬೇಕಿತ್ತು. ಇಡೀ ನಾಟಕ ನಿಂತಿದ್ದೇ ಆ ಮೌನದ ಮೇಲೆ."

"ಕೇಳಿಸ್ತಾ?" ಎಂದಳು ಹೆಂಡತಿ ಹಿಂದಿನಿಂದ. "ಮೌನ. ತಿಳಿದವರು ಹೇಳ್ತಿದ್ದಾರೆ."

ಬೇರೆ ಯಾರೇ ಆಗಿದ್ದರೂ ಆಗ ನೆಲ ನೋಡುತ್ತಿದ್ದರು. ನಾನು ನೋಡಲಿಲ್ಲ. "ನಿಮ್ಮ ಮೌನವೇ ತಪ್ಪು ಸ್ವಾಮಿ" ಎಂದೆ. "ನಿಮಗೆ ಹೆಣ್ಣುಮಕ್ಕಳಿದ್ದಾರಾ? ಇಲ್ಲ ತಾನೇ? ನಾನು ಫ್ಯಾನ್ ಆರಿಸೋಕೆ ಹೋದ್ರೆ ನನ್ನ ಮಗಳು ಮೂರು ರೂಮಿಗೆ ಕೇಳೋ ಹಾಗೆ ಕಿರುಚ್ತಾಳೆ. ಪ್ರೀತಿಸಿದವನು ಮುಳುಗ್ತಾ ಇದ್ದಾನೆ, ಅಪ್ಪ ದೀಪ ಆರಿಸ್ತಿದ್ದಾನೆ, ಹುಡುಗಿ ಬಾಯಿ ತೆರೆದು ಸುಮ್ಮನೆ ನಿಲ್ತಾಳಾ? ಯಾರಾದ್ರೂ ಒಬ್ಬರು ಬೇಡ ಅನ್ನಲೇಬೇಕು. ಅವಳು ಅನ್ನಲಿಲ್ಲ, ನಾನು ಅಂದೆ."

ನಿರ್ದೇಶಕ ತಲೆಯಿಂದ ಕೈ ತೆಗೆದ. ನನ್ನನ್ನು ನೋಡಿದ. ಆಮೇಲೆ ನನ್ನ ಹೆಂಡತಿಯ ಕೆಂಪಾದ ಮುಖವನ್ನು ಬಹಳ ಹೊತ್ತು ನೋಡಿದ.

ಮುಂದಿನ ಭಾನುವಾರದಿಂದ ಶಿಕ್ಷೆ ಜಾರಿಗೆ ಬಂತು. ಭಾವ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಟ್ಟು, "ಆ ಕೆಂಪನೆಯವನಿಗೆ ಸ್ವಲ್ಪ ಕೋಪ ಜಾಸ್ತಿ, ಈ ಪಟ್ಟೆಯವಳು ಸಾಧು" ಎಂದು ಒಬ್ಬೊಬ್ಬರನ್ನಾಗಿ ಪರಿಚಯಿಸಿದರು. ನಾನು ನಮಸ್ಕಾರ ಮಾಡುವುದೊಂದು ಬಾಕಿ. ಅಷ್ಟರಲ್ಲಿ ಮಗಳು ಸುದ್ದಿ ತಂದಳು. "ಅಪ್ಪ, ದೀಪಸ್ತಂಭ ಹೌಸ್‌ಫುಲ್ ಅಂತೆ. ಕೊನೇಲಿ ಪ್ರೇಕ್ಷಕರ ಮಧ್ಯದಿಂದ ಒಬ್ರು ಎದ್ದು ಹಾಡ್ತಾರಂತಲ್ಲ, ಅದನ್ನ ನೋಡೋಕೇ ಜನ ಬರ್ತಿದ್ದಾರಂತೆ. ಈಗ ಅದಕ್ಕೇ ಅಂತ ಒಬ್ರನ್ನ ನೇಮಿಸ್ತಾರಂತೆ."

ನಾನು ಮರುದಿನವೇ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸಲು ಶುರುಮಾಡಿದೆ. ನೇಮಿಸುವುದಾದರೆ ಬೇರೆ ಯಾರನ್ನು ನೇಮಿಸುತ್ತಾರೆ? ಮೂಲ ಗಾಯಕ ಜೀವಂತವಾಗಿ, ಅದೇ ಊರಿನಲ್ಲಿ, ಕನ್ನಡಕ ಮಾರಿಕೊಂಡು ಇದ್ದಾನೆ. ನಾಲ್ಕನೆಯ ವಾರ ಫೋನ್ ಬಂತು. ನಿರ್ದೇಶಕನ ದನಿ.

"ನಾನು ಸಿದ್ಧವಾಗಿದ್ದೇನೆ" ಎಂದೆ.

"ಸಾರ್, ಆ ಪಾತ್ರಕ್ಕೆ ಒಬ್ಬರು ಸಿಕ್ಕಿದ್ದಾರೆ. ನಿಮ್ಮ ಥರದ್ದೇ ಕನ್ನಡಕ, ನಿಮ್ಮ ಥರದ್ದೇ ಹೊಟ್ಟೆ."

"ನಾನೇ ಇರುವಾಗ ನನ್ನ ಥರದವರು ಯಾಕೆ?"

ಅವನು ಸ್ವಲ್ಪ ತಡವರಿಸಿದ. "ನೀವು ತುಂಬಾ ಮನಸ್ಸಿಟ್ಟು ಹಾಡ್ತೀರಿ ಸಾರ್, ಅದರಲ್ಲಿ ಎರಡು ಮಾತಿಲ್ಲ. ನಮಗೆ ಶ್ರುತಿಯಲ್ಲಿ ಹಾಡೋರು ಬೇಕಿತ್ತು. ಸ್ವಲ್ಪ ಮೇಡಮ್ಮಿಗೆ ಫೋನ್ ಕೊಡ್ತೀರಾ?"

ಕೊಟ್ಟೆ. ಅವಳು ಹ್ಞೂಂ ಎಂದಳು, ಅಯ್ಯೋ ಎಂದಳು, ನನ್ನ ಕಡೆ ನೋಡಿ ಬೆನ್ನು ತಿರುಗಿಸಿ ಮತ್ತೆ ಹ್ಞೂಂ ಎಂದಳು. ಹಾಡುವವನು ಎಷ್ಟು ಚೆನ್ನಾಗಿ ಹಾಡಿದರೂ ಜನ ಆ ದಿನ ನಕ್ಕ ಹಾಗೆ ನಗುತ್ತಿಲ್ಲವಂತೆ. ಪಕ್ಕದ ಸೀಟಿನಿಂದ ಒಬ್ಬಾಕೆ ಸೆರಗೆಳೆದುಕೊಂಡು ಜಾರಬೇಕಂತೆ. ಮೂವರು ನಟಿಯರು ಪ್ರಯತ್ನಪಟ್ಟು ಸೋತರಂತೆ. ಅಂಥ ಅಪ್ಪಟ ಅವಮಾನ ಯಾರ ಮುಖದಲ್ಲೂ ಬರುತ್ತಿಲ್ಲವಂತೆ.

"ನೀನು ನಾಟಕದಲ್ಲಿ?" ಎಂದೆ. "ಸಂಗೀತ ನಾಟಕದಲ್ಲಿ?"

"ನಾನೇನು ಹಾಡ್ತೀನಾ? ಬಾಯಿ ಸಹ ತೆರೆಯಲ್ಲ. ಸುಮ್ಮನೆ ನಾಚಿಕೆಪಟ್ಟುಕೋತೀನಿ. ಇಪ್ಪತ್ತು ವರ್ಷದ ಅಭ್ಯಾಸ ಇದೆ."

"ಹಾಗಾದ್ರೆ ನಾನೂ ನೋಡೋಕೆ ಬರ್ತೀನಿ."

"ನೀವು ಬಂದ್ರೆ ಇನ್ನೊಂದು ಮೂಲೆಯಿಂದ ಎದ್ದು ಹಾಡ್ತೀರ. ಒಂದು ದೋಣಿಗೆ ಒಬ್ಬ ಸಾಕು. ಅಲ್ಲದೆ ಷರತ್ತು ಷರತ್ತೇ."

ಹೀಗೆ ಮೂರನೇ ಸಾಲಿನ ನನ್ನ ಸೀಟಿನಲ್ಲಿ ಪ್ರತಿ ಭಾನುವಾರ ಬೇರೊಬ್ಬ ನಾನು ಕೂರುತ್ತಾನೆ. ಅವನ ಪಕ್ಕದಲ್ಲಿ ನನ್ನ ಹೆಂಡತಿ ಕೂರುತ್ತಾಳೆ. ಅವನು ಟಾಫಿ ಕಿತ್ತು ಅವಳ ಕೈಗಿಡುತ್ತಾನೆ, ಅವಳು ಜಾರುತ್ತಾಳೆ, ಜನ ಬಿದ್ದು ಬಿದ್ದು ನಗುತ್ತಾರೆ. ಹೆಡ್ ಮಿಸ್ ಅವಳಿಗೆ ಹೂಗುಚ್ಛ ಕೊಟ್ಟರಂತೆ. ನನ್ನ ಹೊಟ್ಟೆ ಉರಿಯುತ್ತದೆಯೇ ಎಂದು ಕೇಳಬೇಡಿ. ಉರಿಯುತ್ತದೆ.

ಮೊನ್ನೆ ಸಂಜೆ ಅಂಗಡಿಯಿಂದ ಬಂದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು, ಒಳಗೆ ಯಾರೂ ಕಾಣಲಿಲ್ಲ. ಆರಿಸೋಣವೆಂದು ಸ್ವಿಚ್ಚಿಗೆ ಕೈ ಚಾಚಿದೆ. ಕಟ್ಟೆಯ ಕೆಳಗೆ ಬಗ್ಗಿ ಡಬ್ಬದ ಮುಚ್ಚಳ ಹುಡುಕುತ್ತಿದ್ದ ಹೆಂಡತಿ, ತಲೆಯನ್ನೂ ಎತ್ತದೆ, ತನಗೇ ಗೊತ್ತಿಲ್ಲದಂತೆ ಹಾಡಿದಳು.

"ದೀಪ ಆರಿಸಬೇಡ ಅಪ್ಪಾ, ದಾರಿಯಲಿನ್ನೂ ಒಬ್ಬನಿದ್ದಾನೆ."

ಶ್ರುತಿ ಸ್ವಲ್ಪ ಕೆಳಗಿತ್ತು. ಆದರೆ ಸಾಲು ಪೂರ್ತಿ ಇತ್ತು. ಸಂಕಟದಲ್ಲಿ ಯಾರಾದರೂ ಹಾಡುತ್ತಾರೇನ್ರೀ ಎಂದು ಇಪ್ಪತ್ತು ವರ್ಷ ಕೇಳಿದವಳು, ಮುಚ್ಚಳ ಸಿಗದ ಸಂಕಟಕ್ಕೆ, ಹಾಡಿದ್ದಳು. ನನ್ನ ಕಣ್ಣು ತುಂಬಿತು. ಎರಡನೆಯ ಸಾಲು ಎತ್ತಿಕೊಳ್ಳಲು ಬಾಯಿ ತೆರೆದೆ. ಅವಳು ಮುಚ್ಚಳ ಹಿಡಿದು ಎದ್ದು ನಿಂತು, ತುಟಿಯ ಮೇಲೆ ಬೆರಳಿಟ್ಟಳು.

"ಶ್. ಅಲ್ಲೊಂದು ಮೌನ ಇದೆ."

ನಾನು ಆ ಮೌನಕ್ಕೆ ಜಾಗ ಬಿಡಲಿಲ್ಲ. ಓಣಿಯ ಆ ತುದಿಗೆ ಕೇಳುವಂತೆ ಹಾಡಿದೆ. "ಅಲೆ ಎಷ್ಟೇ ಏಳಲಿ ಅಪ್ಪಾ, ಅವನು ಬಂದೇ ಬರುತ್ತಾನೆ."

ಹಾಗಾಗಿ ಇವತ್ತೂ ಇಲ್ಲಿ ಕೂತಿದ್ದೇನೆ. ಶಿಕ್ಷೆ ಮುಂದುವರಿದಿದೆ, ಮೀನಿಗೆ ಊಟ ಹಾಕುವ ಕೆಲಸವೂ ಈಗ ನನ್ನದೇ. ಭಾವ ಒಳಗೆ ಚಹಾ ಮಾಡುತ್ತಿದ್ದಾರೆ. ಈ ಹೊತ್ತಿಗೆ ಅಲ್ಲಿ ಕೊನೆಯ ದೃಶ್ಯ ಶುರುವಾಗಿರಬೇಕು ಎಂದುಕೊಂಡು ನಾನು ಸಣ್ಣದಾಗಿ ಶುರುಮಾಡಿದೆ. ತೊಟ್ಟಿಯ ಮೀನುಗಳೆಲ್ಲ ಗಾಜಿನ ಹತ್ತಿರ ಬಂದು ಸಾಲಾಗಿ ನಿಂತು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ನನ್ನ ಜೊತೆ ಕೊನೆಯವರೆಗೂ ಹಾಡಿದವು. ನಾನು ಅವುಗಳನ್ನು ಸುಮ್ಮನಿರಿಸಲು ಹೋಗಲಿಲ್ಲ.