ಮಂಕಿ ಟೋಪಿ ತೊಟ್ಟ ಹೆಪ್ಪು

"ಇನ್ನ ಮ್ಯಾಲೆ ಈ ಮನಿಯ ಒಂದೊಂದು ಕರುಳೂ ನನ್ನ ಜವಾಬ್ದಾರಿ!"

ಕೋಲ್ಕತ್ತದ ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಿಂತು ನರಹರಿರಾಯರು ಹೀಗೆ ಘೋಷಿಸಲು ಕಾರಣವಿತ್ತು. ಹಿಂದಿನ ದಿನವಷ್ಟೇ ಸಿಯಾಲ್ದಾ ಆಫೀಸಿನ ಆರೋಗ್ಯ ಸಪ್ತಾಹದಲ್ಲಿ 'ಹೊಟ್ಟೆಯೊಳಗಿನ ಗೆಳೆಯರು' ಎಂದು ಪ್ರೋಬಯಾಟಿಕ್ ಬ್ಯಾಕ್ಟೀರಿಯಾಗಳ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದು, ಹೊಟ್ಟೆಯ ಚಿಂತೆಯಲ್ಲಿ ಜಗತ್ತಿಗೇ ಹಿರಿಯರಾದ ಬಂಗಾಳಿ ಸಹೋದ್ಯೋಗಿಗಳಿಂದ ಚಪ್ಪಾಳೆ ಗಿಟ್ಟಿಸಿದ್ದರು!

ಹೆಂಡತಿ ಅಹಲ್ಯಾ ಎರಡು ದಿನಕ್ಕೆಂದು ಖರಗ್‌ಪುರದ ತಂಗಿಯ ಮನೆಗೆ ಹೊರಟಿದ್ದಳು. ಕೈಯಲ್ಲಿ ಹೆಪ್ಪಿನ ಬಟ್ಟಲು. ಹನ್ನೊಂದು ವರ್ಷದ ಹಿಂದೆ ಅವಳ ಅವ್ವ ಧಾರವಾಡದಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಹೆಪ್ಪು ಅದು. ಅವ್ವ ಈಗಿಲ್ಲ. ಅವಳ ಹೆಪ್ಪು ಮಾತ್ರ ಒಂದು ದಿನವೂ ತಪ್ಪದೆ ನಡೆದುಬಂದಿದೆ.

"ರೀ, ಹಾಲು ಉಗುರುಬೆಚ್ಚಗಾದ ಮ್ಯಾಲೆ ಹೆಪ್ಪ ಹಾಕ್ರಿ. ಒಂದು ಚಮಚ ಬ್ಯಾರೆ ತಗದಿಡ್ರಿ."

"ನನಗ ಹೇಳ್ತೀ? ಒಂದು ಚಮಚದಾಗ ಎಷ್ಟು ಕೋಟಿ ಜೀವ ಅದಾವ, ಗೊತ್ತದನು?"

"ನನಗ ಲೆಕ್ಕ ಗೊತ್ತಿಲ್ರಿ. ಅವು ಬದುಕಿದ್ರ ಸಾಕು."

ಅಂದು ಸಂಜೆ ಜನವರಿಯ ಚಳಿ. ಪಾಪ, ಧಾರವಾಡದ ಬ್ಯಾಕ್ಟೀರಿಯಾಗಳು ನಡುಗುತ್ತಿರಬಹುದೆಂದು ರಾಯರ ಕರುಳು ಚುರ್ರೆಂದಿತು. ಕುದಿಯುತ್ತಿದ್ದ ಹಾಲನ್ನು ಇಳಿಸಿದವರೇ, ತುಂಬಿದ ಮನೆತನವನ್ನು ಒಡೆಯುವುದು ಮಹಾಪಾಪವೆಂದು ಇದ್ದಬದ್ದ ಹೆಪ್ಪನ್ನೆಲ್ಲ ಅದಕ್ಕೆ ಸುರಿದರು. ಮೇಲೆ ತಮ್ಮ ಮಂಕಿ ಟೋಪಿಯನ್ನೇ ಪಾತ್ರೆಗೆ ತೊಡಿಸಿದರು!

ಬೆಳಿಗ್ಗೆ ಟೋಪಿ ತೆಗೆದರೆ ಒಡೆದ ಹಾಲು, ತಳದಲ್ಲಿ ನಾಲ್ಕು ಗಂಟು.

ಮಗಳು ಪ್ರತೀಕ್ಷಾ ಇಣುಕಿದಳು. "ಅಪ್ಪಾ, ಸಬ್ ಮರ್ ಗಯೇ?"

"ಇಲ್ಲವ್ವಾ, ಮಲಗ್ಯಾವ."

"ಗರಂ ದೂಧ್‌ನಾಗ ಸಾಯ್ತಾವಂತ ನಿಮ್ಮ ಸ್ಪೀಚ್‌ನಾಗೇ ಇತ್ತಲ್ಲ! ನಾನೇ ಟೈಪ್ ಮಾಡಿದ್ದು. ಪೇಜ್ ತ್ರೀ!"

ಹೌದು, ಇತ್ತು. ದೊಡ್ಡ ಚಪ್ಪಾಳೆ ಬಿದ್ದದ್ದೂ ಅಲ್ಲಿಯೇ. ರಾಯರಿಗೆ ನಾಚಿಕೆಯಿಂದ ಮಗಳ ಮುಖ ನೋಡಲಾಗಲಿಲ್ಲ. ಅಂಗಡಿಯ ಸಿಹಿ ಮೊಸರು, ಮಿಷ್ಟಿ ದೋಯಿ, ತಂದಿಟ್ಟರೆ? ಅದರ ಕೆಂಬಣ್ಣವೇ ಚಾಡಿ ಹೇಳುತ್ತದೆ! ಹೆಂಡತಿಗೆ ತಾಯಿಯಿಂದ ಉಳಿದದ್ದು ಅದೊಂದೇ. ಅದನ್ನೂ ಬೇಯಿಸಿಬಿಟ್ಟೆನಲ್ಲ!

ಆಗ ನೆನಪಾದರು ಕೆಳಮನೆಯ, ಧಾರವಾಡದ ಕಡೆಯವರೇ ಆದ ಗಂಗೂಬಾಯಿ. ವರ್ಷಗಳಿಂದ ಅವರ ಮನೆಯ ಮೊಸರಿಗೂ ಅಹಲ್ಯಾಳದೇ ಹೆಪ್ಪು! ರಾಯರು ಖಾಲಿ ಬಟ್ಟಲನ್ನು ಶಾಲಿನೊಳಗೆ ಅಡಗಿಸಿಕೊಂಡು ಕಳ್ಳನ ಹಾಗೆ ಮೆಟ್ಟಿಲಿಳಿದರು. ತಟ್ಟುವ ಮೊದಲೇ ಬಾಗಿಲು ತೆರೆಯಿತು.

"ಬರ್ರಿ ರಾಯರ, ಬೆಳಿಗ್ಗಿಂದ ನಿಮ್ಮ ಹಾದಿನ ನೋಡ್ಲಿಕ್ಕತ್ತೇನಿ," ಎಂದರು ಗಂಗೂಬಾಯಿ. "ಅಹಲ್ಯಾ ಹೋಗೂಮುಂದ ಒಂದು ಬಟ್ಟಲ ಹೆಪ್ಪ ಬ್ಯಾರೆ ಇಟ್ಟು ಹೋಗ್ಯಾಳ. 'ನಮ್ಮವರು ಭಾಷಣ ಮಾಡ್ಯಾರ, ನಾಳೆ ಬಂದ ಬರ್ತಾರ' ಅಂದ್ಲು."

ರಾಯರು ತಲೆ ತಗ್ಗಿಸಿ ಬಟ್ಟಲು ಚಾಚಿದರು. ಗಂಗೂಬಾಯಿ ಅರ್ಧವಷ್ಟೇ ಹಾಕಿದರು.

"ಉಳಿದದ್ದು?"

"ಅದು ನಾಳಿಗ್ರೀ. ಎರಡು ಸಲ ಬರ್ತಾರಂತ ಹೇಳ್ಯಾಳ."